ಅಣು ಒಪ್ಪಂದವನ್ನು ನೀವೇ ಓದಿ: ‘ಒಲ್ಲೆ’ ಅನ್ನೋಕೆ ಎಷ್ಟು ಬೆಲೆ ಅಂತ ಲೆಕ್ಕ ಹಾಕುವ ದಾರಿ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಜೊತೆ ವಾರಕ್ಕೆ ಎರಡು ಸಂಜೆ ಕೂರುತ್ತೇನೆ. ಪ್ರತಿ ವರ್ಷ ಹೊಸಬರು ಬರುತ್ತಾರೆ, ಪ್ರಶ್ನೆ ಮಾತ್ರ ಅದೇ. ‘ಸರ್, ಅಮೆರಿಕದ ಜೊತೆ ಅಣು ಒಪ್ಪಂದ ಮಾಡಿಕೊಂಡು ನಮ್ಮ ಸಾರ್ವಭೌಮತ್ವ ಬಿಟ್ಟುಕೊಟ್ಟೆವಾ?’ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆಯಿಂದ ಬಂದವರು, ನೆಲದಡಿ ಯುರೇನಿಯಂ ಪತ್ತೆಯಾಗಿರುವ ಗೋಗಿ ಊರನ್ನು ನೆನೆದು, ಇನ್ನೊಂದು ಸೇರಿಸುತ್ತಾರೆ. ‘ನಮ್ಮ ಗೋಗಿಯ ಯುರೇನಿಯಂಗೂ ಆ ಒಪ್ಪಂದಕ್ಕೂ ಏನಾದರೂ ನಂಟಿದೆಯಾ?’

ನಂಟಿದೆ. ಆದರೆ ಜನ ಅಂದುಕೊಂಡಿರುವ ನಂಟಲ್ಲ. ಅದನ್ನು ಕೊನೆಯ ಹಂತದಲ್ಲಿ ಹೇಳುತ್ತೇನೆ. ಮೊದಲ ಪ್ರಶ್ನೆಗೆ ನಾನು ಹೌದು ಅಥವಾ ಇಲ್ಲ ಅಂದುಬಿಟ್ಟರೆ ನಿಮಗೆ ಉಪಯೋಗವಿಲ್ಲ. ನಾಳೆ ಇನ್ನೊಂದು ಒಪ್ಪಂದ ಬಂದಾಗ ಮತ್ತೆ ಯಾರನ್ನೋ ಕೇಳಬೇಕಾಗುತ್ತದೆ. ಅದಕ್ಕೆ ಇಲ್ಲಿ ಓದುವ ಕ್ರಮವನ್ನೇ ಬರೆದಿದ್ದೇನೆ. ಉದಾಹರಣೆಗೆ ಭಾರತ–ಅಮೆರಿಕ ಒಪ್ಪಂದ ಇಟ್ಟುಕೊಂಡಿದ್ದೇನೆ. ಯಾವ ದೇಶದ ಒಪ್ಪಂದಕ್ಕೂ ಇದೇ ಕ್ರಮ ಹೊಂದುತ್ತದೆ.

ಸಾರ್ವಭೌಮತ್ವ ಅನ್ನುವುದು ದೊಡ್ಡ ಪದ. ಭಾಷಣದಲ್ಲಿ ಚೆನ್ನಾಗಿರುತ್ತದೆ, ಕಾಗದ ಓದುವಾಗ ಕೈಗೆ ಸಿಗುವುದಿಲ್ಲ. ನಮ್ಮ ಕಡೆ ಅದಕ್ಕಿಂತ ಸಣ್ಣ, ಗಟ್ಟಿ ಪದ ಒಂದಿದೆ: ಒಲ್ಲೆ. ಸಹಿ ಹಾಕಿದ ಮೇಲೂ ದೇಶಕ್ಕೆ ಒಂದು ದಿನ ‘ಒಲ್ಲೆ’ ಅನ್ನಲು ಆಗುತ್ತದೆಯೇ? ಅಂದರೆ ಏನೇನು ಕಳೆದುಕೊಳ್ಳುತ್ತದೆ? ಪ್ರತಿ ಕಲಂ ಮುಂದೆ ಈ ಎರಡು ಪ್ರಶ್ನೆ ಇಡಿ.

ಇದು ನಮ್ಮ ನೆಲಕ್ಕೆ ಹೊಸದೇನಲ್ಲ. ಹೈದರಾಬಾದಿನ ನಿಜಾಮರು 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡರು. ಕಂಪನಿಯ ಪಡೆ ಕಾಯುತ್ತದೆ, ಖರ್ಚು ನಿಜಾಮರದು. 1800ರಲ್ಲಿ ಆ ಖರ್ಚಿನ ಬಾಬತ್ತಿಗೆ ಬಳ್ಳಾರಿ, ಅನಂತಪುರ, ಕಡಪ ಭಾಗಗಳು ಕಂಪನಿಗೆ ಹೋದವು. 1853ರಲ್ಲಿ ಸೈನ್ಯದ ಬಾಕಿಗಾಗಿ ಬೇರಾರ್ ಜೊತೆ ರಾಯಚೂರು ದೋಆಬ್ ಕೂಡ ಹೋಯಿತು. ರಾಯಚೂರು 1860ರಲ್ಲಿ ವಾಪಸ್ ಬಂತು. ಇಷ್ಟೆಲ್ಲ ಆಗುವಾಗಲೂ ನಿಜಾಮರ ಬಾವುಟ ಹಾರುತ್ತಲೇ ಇತ್ತು, ಅವರ ನಾಣ್ಯ ನಡೆಯುತ್ತಲೇ ಇತ್ತು. ಹೋದದ್ದು ಖರ್ಚಿನ ಕಲಂನಿಂದ. ಆದ್ದರಿಂದ ಒಪ್ಪಂದದ ಮೊದಲ ಪುಟದಲ್ಲಿ ‘ಪರಸ್ಪರ ಗೌರವ’, ‘ಸಮಾನತೆ’ ಅಂತ ಇದ್ದರೆ ಅದನ್ನು ಓದಿ ಮುಂದೆ ಹೋಗಿ. ಅಲ್ಲೇ ನಿಲ್ಲಬೇಡಿ.

ಏನೇನು ಬೇಕು

ಉದ್ದನೆಯ ನೋಟ್‌ಬುಕ್, ಪೆನ್ಸಿಲ್, ಇಂಟರ್‌ನೆಟ್ ಇರುವ ಮೊಬೈಲ್, ಇಂಗ್ಲಿಷ್ ನಿಘಂಟು ಅಥವಾ ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಗೆಳೆಯ. ಒಂದು ಭಾನುವಾರ ಪೂರ್ತಿ ಬಿಡುವು ಮಾಡಿಕೊಳ್ಳಿ. ಕಾನೂನು ಓದಿರಬೇಕು ಅಂತೇನಿಲ್ಲ. ಲಾವಣಿ ಪತ್ರ ಓದಿ ಸಹಿ ಹಾಕಿದ ರೈತ ಇದನ್ನೂ ಓದಬಲ್ಲ. ಮುಖ್ಯ ಒಪ್ಪಂದದಲ್ಲಿ 17 ಕಲಂಗಳಿವೆ, ಅಷ್ಟೇ.

ಹಂತ 1: ಒಂದೇ ಕಾಗದ ಅಲ್ಲ, ಇಡೀ ಸರಪಳಿ ತನ್ನಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ. ‘ಅಣು ಒಪ್ಪಂದ’ ಅಂದರೆ ಒಂದು ಕಾಗದ ಅಂದುಕೊಳ್ಳುತ್ತಾರೆ. ಹೊಲ ಕೊಳ್ಳುವಾಗ ಬರೀ ಖರೀದಿ ಪತ್ರ ನೋಡುತ್ತೀರಾ? ಪಹಣಿ, ಹಳೆಯ ಕರಾರು, ಬ್ಯಾಂಕಿನ ಬೋಜಾ ಎಲ್ಲ ನೋಡುತ್ತೀರಿ ಅಲ್ವಾ? ಇಲ್ಲೂ ಹಾಗೇ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ತಾರೀಖುಗಳನ್ನು ಬರೆದುಕೊಳ್ಳಿ. 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ವಾಷಿಂಗ್ಟನ್‌ನಲ್ಲಿ ಜಂಟಿ ಹೇಳಿಕೆ ಕೊಟ್ಟರು. 2006ರ ಮಾರ್ಚ್‌ನಲ್ಲಿ ಭಾರತ ತನ್ನ ಅಣು ಸ್ಥಾವರಗಳನ್ನು ನಾಗರಿಕ ಮತ್ತು ಸೈನಿಕ ಅಂತ ಎರಡು ಭಾಗ ಮಾಡುವ ಯೋಜನೆ ಒಪ್ಪಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕ ತನ್ನ ಸಂಸತ್ತಿನಲ್ಲಿ, ಭಾರತದ ಜೊತೆ ಅಣು ವ್ಯವಹಾರಕ್ಕೆ ಷರತ್ತಿನ ಮೇಲೆ ದಾರಿ ಬಿಡುವ ಹೈಡ್ ಕಾನೂನು ಮಾಡಿತು. 2008ರ ಆಗಸ್ಟ್ 1ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ (ಐಎಇಎ) ಭಾರತದ ತಪಾಸಣೆ ಒಪ್ಪಂದಕ್ಕೆ ಮಂಜೂರಾತಿ ಕೊಟ್ಟಿತು. ಸೆಪ್ಟೆಂಬರ್ 6ರಂದು ಅಣು ಪೂರೈಕೆದಾರ ದೇಶಗಳ ಗುಂಪು (ಎನ್‌ಎಸ್‌ಜಿ) ವಿನಾಯಿತಿ ಕೊಟ್ಟಿತು. ಅಕ್ಟೋಬರ್ 10ರಂದು ಆಗಿನ ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ಮತ್ತು ಅಮೆರಿಕದ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ‘123 ಒಪ್ಪಂದ’ಕ್ಕೆ ಸಹಿ ಹಾಕಿದರು. 2010ರ ಜುಲೈನಲ್ಲಿ ಮರುಸಂಸ್ಕರಣೆಯ ಪ್ರತ್ಯೇಕ ಕರಾರು ಆಯಿತು. ಅದೇ ವರ್ಷ ನಮ್ಮ ಸಂಸತ್ತು ಅಣು ಹಾನಿಯ ಪರಿಹಾರದ ಕಾನೂನು ಮಾಡಿತು.

123 ಅನ್ನುವ ಹೆಸರಲ್ಲೇ ಒಂದು ವಿಷಯ ಇದೆ. 1954ರ ಅಮೆರಿಕದ ಅಣುಶಕ್ತಿ ಕಾನೂನಿನ 123ನೇ ಕಲಂ, ಬೇರೆ ದೇಶದ ಜೊತೆ ಅಣು ವ್ಯವಹಾರ ಮಾಡಬೇಕಾದರೆ ಇಂಥ ಒಪ್ಪಂದ ಇರಲೇಬೇಕು ಅನ್ನುತ್ತದೆ. ಅಂದರೆ ಕಟ್ಟಡದ ಅಡಿಪಾಯ ಅವರ ಮನೆಯ ಕಾನೂನಿನಲ್ಲಿದೆ.

ಎಚ್ಚರಿಕೆ: 123 ಒಪ್ಪಂದದಲ್ಲಿ ‘ಅಣುಪರೀಕ್ಷೆ’ ಅನ್ನುವ ಪದವನ್ನು ಹುಡುಕಿ. ಸಿಗುವುದಿಲ್ಲ. ಇದನ್ನು ತೋರಿಸಿ ‘ನೋಡಿ, ಪರೀಕ್ಷೆ ಮಾಡುವ ಹಕ್ಕು ಹಾಗೇ ಇದೆ’ ಅಂತ ಅಂದು ಸರ್ಕಾರದ ಕಡೆಯವರು ಹೇಳಿದರು. ಆ ಕಾಗದದ ಮಟ್ಟಿಗೆ ಅದು ನಿಜ. ಆದರೆ ಹೈಡ್ ಕಾನೂನಿನಲ್ಲಿ ಭಾರತ ಪರೀಕ್ಷೆ ಮಾಡಿದರೆ ಸಹಕಾರ ನಿಲ್ಲುತ್ತದೆ ಅಂತ ಇದೆ. ಎನ್‌ಎಸ್‌ಜಿ ವಿನಾಯಿತಿ ಸಿಕ್ಕಿದ್ದು ಪ್ರಣಬ್ ಮುಖರ್ಜಿ 2008ರ ಸೆಪ್ಟೆಂಬರ್ 5ರಂದು ‘ನಾವಾಗಿ ಪರೀಕ್ಷೆ ಮಾಡುವುದಿಲ್ಲ ಅನ್ನುವ ನಿಲುವಿಗೆ ಬದ್ಧ’ ಅಂತ ಹೇಳಿಕೆ ಕೊಟ್ಟ ಮರುದಿನ. ವಿನಾಯಿತಿಯ ಕಾಗದದಲ್ಲಿ ಆ ಹೇಳಿಕೆಯ ಉಲ್ಲೇಖವೂ ಇದೆ. ಎಂಟು ವರ್ಷ ಬಿಟ್ಟು, 2016ರಲ್ಲಿ, ಜಪಾನ್ ಜೊತೆ ಅಣು ಒಪ್ಪಂದ ಆದಾಗ ಪಕ್ಕದಲ್ಲಿ ಇನ್ನೊಂದು ಟಿಪ್ಪಣಿಗೆ ಸಹಿ ಆಯಿತು. ಸೆಪ್ಟೆಂಬರ್ 5ರ ಮಾತು ಮುರಿದರೆ ಸಹಕಾರ ನಿಲ್ಲಿಸಬಹುದು ಅನ್ನುವ ಜಪಾನಿನ ನಿಲುವು ಅದರಲ್ಲಿದೆ. ಒಂದು ದಿನದ ಹೇಳಿಕೆ ಎಷ್ಟು ದೂರ ನಡೆದು ಬಂತು ನೋಡಿ. ಆದ್ದರಿಂದ ಟಿಪ್ಪಣಿ, ಹೇಳಿಕೆ, ಪತ್ರ ಏನೇ ಇದ್ದರೂ ಬಿಡದೆ ಓದಿ.

ಹಂತ 2: ಐದು ಪದಗಳ ಅರ್ಥ ಸರಿಯಾಗಿ ಹಿಡಿಯಿರಿ

‘ಸೇಫ್‌ಗಾರ್ಡ್ಸ್’. ನಮ್ಮ ಪತ್ರಿಕೆಗಳು ಇದನ್ನು ಸುರಕ್ಷತೆ ಅಂತ ಬರೆದು ಬಹಳ ಗೊಂದಲ ಮಾಡಿವೆ. ವಿಕಿರಣ ಸೋರದಂತೆ ನೋಡಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಲೆಕ್ಕ ತಪಾಸಣೆ. ಗೋದಾಮಿಗೆ ಎಷ್ಟು ಚೀಲ ಬಂತು, ಎಷ್ಟು ಹೋಯಿತು ಅಂತ ನೋಡುವ ಹಾಗೆ, ಸ್ಥಾವರಕ್ಕೆ ಬಂದ ಅಣು ಇಂಧನ ಬಾಂಬಿನ ಕಡೆ ಹೋಗಿಲ್ಲ ಅಂತ ಐಎಇಎ ನೋಡುತ್ತದೆ. ‘ಸ್ಥಾವರಕ್ಕೆ ವಿಶ್ವಸಂಸ್ಥೆಯ ಸುರಕ್ಷತೆ ಇದೆ, ಭಯ ಬೇಡ’ ಅಂತ ಯಾರಾದರೂ ಹೇಳಿದರೆ ಅವರಿಗೆ ಈ ಪದ ಗೊತ್ತಿಲ್ಲ ಅಂತ ತಿಳಿಯಿರಿ.

‘ಪುಷ್ಟೀಕರಣ’ ಅಂದರೆ ಯುರೇನಿಯಂನಲ್ಲಿ ಉರಿಯುವ ಅಂಶವನ್ನು ಹೆಚ್ಚಿಸುವುದು. ‘ಮರುಸಂಸ್ಕರಣೆ’ ಅಂದರೆ ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರೆ ಮಾಡುವುದು. ಎರಡೂ ಕರೆಂಟಿಗೂ ಆಗುತ್ತವೆ, ಬಾಂಬಿಗೂ ಆಗುತ್ತವೆ. ಅದಕ್ಕೇ ಜಗಳವೆಲ್ಲ ಇವುಗಳ ಸುತ್ತ. ‘ಎನ್‌ಪಿಟಿ’ ಅಂದರೆ ಅಣ್ವಸ್ತ್ರ ಹರಡುವುದನ್ನು ತಡೆಯುವ ಜಾಗತಿಕ ಒಪ್ಪಂದ. ಭಾರತ ಇದಕ್ಕೆ ಸಹಿ ಹಾಕಿಲ್ಲ. ‘ವಿನಾಯಿತಿ’ ಅಂದರೆ, ಎನ್‌ಪಿಟಿಗೆ ಸಹಿ ಹಾಕದ ದೇಶಕ್ಕೂ ಮಾಲು ಕೊಡಬಹುದು ಅಂತ ಎನ್‌ಎಸ್‌ಜಿ ಭಾರತಕ್ಕೆ ಮಾತ್ರ ಕೊಟ್ಟ ಸಡಿಲಿಕೆ.

ಹಂತ 3: ಮೂರು ಅಂಕಣ ಹಾಕಿ

ಪುಟಕ್ಕೆ ಎರಡು ಗೆರೆ ಎಳೆಯಿರಿ. ಮೊದಲ ಅಂಕಣ ‘ಕೊಟ್ಟದ್ದು’, ಎರಡನೆಯದು ‘ಪಡೆದದ್ದು’, ಮೂರನೆಯದು ‘ಒಲ್ಲೆ ಅಂದರೆ’. ಜನ ಮೊದಲ ಎರಡನ್ನು ತುಂಬಿ ಸುಮ್ನೆ ಆಗಿಬಿಡುತ್ತಾರೆ. ಮೂರನೆಯದು ಖಾಲಿ ಬಿಟ್ಟರೆ ಈ ಕೆಲಸ ಮಾಡಿದ್ದೇ ವ್ಯರ್ಥ.

ಭಾರತ ಕೊಟ್ಟದ್ದು: ಆಗ ನಡೆಯುತ್ತಿದ್ದ ಮತ್ತು ಕಟ್ಟುತ್ತಿದ್ದ 22 ವಿದ್ಯುತ್ ರಿಯಾಕ್ಟರುಗಳಲ್ಲಿ 14ನ್ನು 2014ರೊಳಗೆ ಐಎಇಎ ತಪಾಸಣೆಗೆ ಒಪ್ಪಿಸುವ ಮಾತು. ಉಳಿದ 8 ಹೊರಗೆ. ಆ ಎಂಟರಲ್ಲಿ ನಾಲ್ಕು ನಮ್ಮ ರಾಜ್ಯದ ಕೈಗಾದಲ್ಲೇ ಇವೆ. ಇದನ್ನು ಗುರುತು ಹಾಕಿಕೊಳ್ಳಿ, ಗೋಗಿಯ ಮಾತು ಬಂದಾಗ ಬೇಕಾಗುತ್ತದೆ. ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರ್ ಕೂಡ ಹೊರಗೇ ಉಳಿಯಿತು. ಅದನ್ನು ಒಳಗೆ ತರಲು ಅಮೆರಿಕ ಒತ್ತಾಯ ಮಾಡಿತ್ತು, ನಮ್ಮ ವಿಜ್ಞಾನಿಗಳು ಬಲವಾಗಿ ವಿರೋಧಿಸಿದರು. ಇಲ್ಲಿ ಭಾರತ ‘ಒಲ್ಲೆ’ ಅಂದಿತು ಮತ್ತು ಆ ಮಾತು ನಡೆಯಿತು.

ಪಡೆದದ್ದು: ಹೊರಗಿನಿಂದ ಯುರೇನಿಯಂ ಕೊಳ್ಳುವ ದಾರಿ. ಇದರ ತೂಕ ತಿಳಿಯಬೇಕಾದರೆ 2007–08ರ ಪರಿಸ್ಥಿತಿ ನೆನಪಿಸಿಕೊಳ್ಳಬೇಕು. ಇಂಧನ ಸಾಲದೆ ನಮ್ಮ ರಿಯಾಕ್ಟರುಗಳು ಹೆಚ್ಚುಕಡಿಮೆ ಅರ್ಧ ಸಾಮರ್ಥ್ಯಕ್ಕೆ ಇಳಿದಿದ್ದವು. ಕೈಗಾದ ನಾಲ್ಕನೇ ಘಟಕ ಇಂಧನಕ್ಕಾಗಿ ಕಾದು 2011ರ ಜನವರಿಯಲ್ಲಿ ವಿದ್ಯುತ್ ಮಾರಾಟಕ್ಕೆ ಬಂತು. ಹಸಿವಿನಲ್ಲಿದ್ದವನು ಕರಾರಿಗೆ ಕೂತರೆ ಅವನ ದನಿ ಸಣ್ಣದಾಗುತ್ತದೆ. ಅಡತಿ ಅಂಗಡಿಯಲ್ಲಿ ಬಿತ್ತನೆಗೆ ಮುಂಗಡ ತಂದ ರೈತ ತೊಗರಿಯನ್ನು ಅಲ್ಲೇ ಹಾಕಬೇಕಾಗುತ್ತದೆ, ಬೇರೆ ಕಡೆ ರೇಟು ಜಾಸ್ತಿ ಇದ್ದರೂ. ಆದ್ದರಿಂದ ಯಾವ ಒಪ್ಪಂದ ಓದುವಾಗಲೂ ಕೇಳಿ: ಸಹಿ ಹಾಕುವ ದಿನ ಯಾರಿಗೆ ಜಾಸ್ತಿ ಗರಜು ಇತ್ತು?

ಮೂರನೇ ಅಂಕಣ ತುಂಬಲು ಮುಂದಿನ ಹಂತಕ್ಕೆ ಬನ್ನಿ.

ಹಂತ 4: ಹೊರಬಾಗಿಲು ಹುಡುಕಿ

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸದ ಜೀವ ಇಲ್ಲಿದೆ.

123 ಒಪ್ಪಂದದ 14ನೇ ಕಲಂ ತೆಗೆಯಿರಿ. ಯಾವ ಕಡೆಯವರಾದರೂ ಒಂದು ವರ್ಷದ ನೋಟಿಸ್ ಕೊಟ್ಟು ಹೊರಬರಬಹುದು. ಅದಕ್ಕೂ ಮುಂಚೆ ಇಬ್ಬರೂ ಕೂತು ಮಾತಾಡಬೇಕು. ಬಿಕ್ಕಟ್ಟಿಗೆ ಕಾರಣ ಬದಲಾದ ಭದ್ರತಾ ಪರಿಸ್ಥಿತಿಯೇ, ಅಥವಾ ಬೇರೆ ದೇಶ ಮಾಡಿದ್ದಕ್ಕೆ ಪ್ರತಿಯಾಗಿ ಆದದ್ದೇ ಅಂತ ನೋಡಬೇಕು. ನೆರೆಯ ದೇಶ ಪರೀಕ್ಷೆ ಮಾಡಿ, ನಾವೂ ಮಾಡಬೇಕಾಗಿ ಬಂದರೆ ಅನ್ನುವುದಕ್ಕೆ ಇಟ್ಟ ಸಾಲು ಇದು ಅಂತ ನಮ್ಮ ಕಡೆಯವರು ವಿವರಿಸಿದರು. ನನಗೂ ಇದು ಒಳ್ಳೆಯ ಸಾಲು ಅನ್ನಿಸುತ್ತದೆ. ಆದರೆ ಅದು ‘ನೋಡಬೇಕು’ ಅನ್ನುತ್ತದೆ, ‘ಬಿಡಬೇಕು’ ಅನ್ನುವುದಿಲ್ಲ.

ಒಪ್ಪಂದ ಮುಗಿದರೆ, ಕೊಟ್ಟ ಇಂಧನ ಮತ್ತು ಯಂತ್ರಗಳನ್ನು ವಾಪಸ್ ಕೇಳುವ ಹಕ್ಕು ಕೊಟ್ಟವರಿಗೆ ಇದೆ. ಮಾರುಕಟ್ಟೆ ಬೆಲೆಗೆ ಪರಿಹಾರ ಕೊಡಬೇಕು. ಸ್ಥಾವರ ನಿಲ್ಲದಂತೆ ನೋಡುವ ವಿಚಾರವೂ ಗಮನದಲ್ಲಿರಬೇಕು. ಇನ್ನೊಂದು ಮಾತು: ಒಪ್ಪಂದ ಮುಗಿದರೂ ಅದರ ಅಡಿಯಲ್ಲಿ ಬಂದ ಇಂಧನ ನಮ್ಮಲ್ಲಿ ಇರುವತನಕ ಅದರ ಮೇಲಿನ ತಪಾಸಣೆ ಮುಗಿಯುವುದಿಲ್ಲ. 16ನೇ ಕಲಂ ಪ್ರಕಾರ ಒಪ್ಪಂದದ ಅವಧಿ 40 ವರ್ಷ, ಆಮೇಲೆ ಹತ್ತು ಹತ್ತು ವರ್ಷ ಮುಂದುವರಿಯುತ್ತದೆ.

ಇಂಧನ ನಿಂತರೆ? ಅದಕ್ಕೆ 5ನೇ ಕಲಂನ 6ನೇ ಉಪವಿಭಾಗ ಓದಿ. ಭಾರತ ಇಂಧನದ ದಾಸ್ತಾನು ಕಟ್ಟಿಕೊಳ್ಳಲು ಅಮೆರಿಕ ಬೆಂಬಲ ಕೊಡುತ್ತದೆ. ಪೂರೈಕೆಗೆ ಅಡ್ಡಿ ಬಂದರೆ ರಷ್ಯಾ, ಫ್ರಾನ್ಸ್, ಬ್ರಿಟನ್‌ನಂಥ ದೇಶಗಳನ್ನು ಜೊತೆಗೆ ಕೂಡಿಸಿ ದಾರಿ ಹುಡುಕುತ್ತದೆ. ಅಷ್ಟಾದರೂ ಆಗದಿದ್ದರೆ ಭಾರತ ‘ಸರಿಪಡಿಸುವ ಕ್ರಮ’ ತೆಗೆದುಕೊಳ್ಳಬಹುದು. ಐಎಇಎ ಜೊತೆಗಿನ ಒಪ್ಪಂದದ ಪೀಠಿಕೆಯಲ್ಲೂ ಈ ಮಾತಿದೆ. ಆದರೆ ಸರಿಪಡಿಸುವ ಕ್ರಮ ಅಂದರೆ ಏನು ಅಂತ ಎಲ್ಲೂ ಬಿಡಿಸಿ ಬರೆದಿಲ್ಲ. ನೋಟ್‌ಬುಕ್ಕಿನಲ್ಲಿ ಇಂಥ ಸಾಲುಗಳ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅರ್ಥ ಬಿಡಿಸದ ಪದ ಜಗಳ ಬಂದಾಗ ಬಲ ಇದ್ದವನ ಕಡೆ ವಾಲುತ್ತದೆ. ಮತ್ತೆ ಜಗಳ ಬಂದರೆ ತೀರ್ಪು ಕೊಡುವ ನ್ಯಾಯಾಲಯ ಇದರಲ್ಲಿ ಇಲ್ಲ. 15ನೇ ಕಲಂ ಇಬ್ಬರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಅನ್ನುತ್ತದೆ.

ಇದು ಬರೀ ಅನುಮಾನ ಅಲ್ಲ, ಒಮ್ಮೆ ಆಗಿದೆ. ಮಹಾರಾಷ್ಟ್ರದ ತಾರಾಪುರದ ಮೊದಲ ಎರಡು ರಿಯಾಕ್ಟರುಗಳನ್ನು ಅಮೆರಿಕದ ಕಂಪನಿ ಕಟ್ಟಿಕೊಟ್ಟಿತು, 1969ರಲ್ಲಿ ಅವು ಶುರುವಾದವು. 1963ರ ಒಪ್ಪಂದದ ಪ್ರಕಾರ 30 ವರ್ಷ ಇಂಧನ ಕೊಡುವುದು ಅಮೆರಿಕದ ಹೊಣೆ. 1974ರ ಮೇ 18ರಂದು ಭಾರತ ಪೋಖ್ರಾನ್‌ನಲ್ಲಿ ಪರೀಕ್ಷೆ ಮಾಡಿತು. 1978ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿ, ಎಲ್ಲ ಸ್ಥಾವರಗಳನ್ನೂ ತಪಾಸಣೆಗೆ ಒಪ್ಪಿಸದ ದೇಶಕ್ಕೆ ಇಂಧನ ಇಲ್ಲ ಅಂದಿತು. 1963ರ ಕರಾರು ಇನ್ನೂ ಜಾರಿಯಲ್ಲಿತ್ತು. ಆದರೂ ಇಂಧನ ನಿಂತಿತು. 1982ರಲ್ಲಿ ಫ್ರಾನ್ಸ್ ಮುಂದೆ ಬಂತು, ಆಮೇಲೆ ಚೀನಾ, ನಂತರ ರಷ್ಯಾ. ಉರಿದ ಇಂಧನ ಮಾತ್ರ ತಾರಾಪುರದಲ್ಲೇ ಉಳಿಯಿತು. ಅದನ್ನು ಮರುಸಂಸ್ಕರಿಸಲು ಅಮೆರಿಕ ಒಪ್ಪಲಿಲ್ಲ, ವಾಪಸ್ ಒಯ್ಯಲೂ ಇಲ್ಲ.

ಎಚ್ಚರಿಕೆ: ತಾರಾಪುರದ ಕತೆ ಕೇಳಿ ‘ಹಾಗಾದರೆ ಎಲ್ಲ ಒಪ್ಪಂದವೂ ಮೋಸ’ ಅಂತ ತೀರ್ಮಾನಕ್ಕೆ ಹಾರಬೇಡಿ. 2008ರ ಕಾಗದದಲ್ಲಿ ದಾಸ್ತಾನು, ಮಿತ್ರ ದೇಶಗಳು, ಮರುಸಂಸ್ಕರಣೆಗೆ ಮುಂಚಿನ ಒಪ್ಪಿಗೆ ಇವೆಲ್ಲ ಬಂದದ್ದೇ ತಾರಾಪುರದ ಪಾಠದಿಂದ. ಹಿಂದಿನ ಗಾಯ ನೋಡಿ ಬರೆದ ಕರಾರು ಅದು. ಅದರ ಹಿಂದೆ ಕೂತು ವಾದ ಮಾಡಿದ ಅಧಿಕಾರಿಗಳಿಗೆ ಮನ್ನಣೆ ಸಲ್ಲಲೇಬೇಕು.

ಹಂತ 5: ಯಾರ ಸಂಸತ್ತು ಕೈ ಎತ್ತಿತು ಅಂತ ನೋಡಿ

ನಮ್ಮ ಸಂವಿಧಾನದಲ್ಲಿ ವಿದೇಶಿ ಒಪ್ಪಂದ ಮಾಡುವುದು ಕೇಂದ್ರ ಸರ್ಕಾರದ ಅಧಿಕಾರ. ಸಂಸತ್ತಿನ ಮಂಜೂರಾತಿ ಬೇಕೇಬೇಕು ಅಂತ ಇಲ್ಲ. ಜಾರಿಗೆ ಹೊಸ ಕಾನೂನು ಬೇಕಾದಾಗ ಮಾತ್ರ 253ನೇ ವಿಧಿಯಡಿ ಸಂಸತ್ತು ಬರುತ್ತದೆ. 2008ರ ಜುಲೈ 22ರಂದು ಲೋಕಸಭೆಯಲ್ಲಿ ನಡೆದ ಮತದಾನ ಒಪ್ಪಂದದ ಮೇಲೆ ಅಂತ ಬಹಳ ಜನ ಪರೀಕ್ಷೆಯಲ್ಲೂ ಬರೆಯುತ್ತಾರೆ. ತಪ್ಪು. ಎಡಪಕ್ಷಗಳು ಬೆಂಬಲ ವಾಪಸ್ ಪಡೆದ ಮೇಲೆ ಸರ್ಕಾರ ಉಳಿಯುತ್ತದೆಯೇ ಅನ್ನುವ ವಿಶ್ವಾಸಮತ ಅದು. 275 ಪರ, 256 ವಿರುದ್ಧ.

ಅತ್ತ ಅಮೆರಿಕದಲ್ಲಿ ಎರಡೂ ಸದನ ಮತ ಹಾಕಿದವು. ಅಲ್ಲಿನ ಸದಸ್ಯರು ಲಿಖಿತ ಪ್ರಶ್ನೆ ಕೇಳಿ ಲಿಖಿತ ಉತ್ತರ ಪಡೆದರು. ಇಂಧನದ ಭರವಸೆ ರಾಜಕೀಯ ಮಾತು, ಕಾನೂನಿನ ಕಟ್ಟು ಅಲ್ಲ ಅಂತ ಬುಷ್ ತಮ್ಮ ಸಂಸತ್ತಿಗೆ ಬರೆದರು. ನಮ್ಮ ಸರ್ಕಾರ ನಮ್ಮ ಜನಕ್ಕೆ ಅದೇ ಭರವಸೆಯನ್ನು ಗಟ್ಟಿ ಅಂತ ಹೇಳುತ್ತಿತ್ತು. ಒಂದೇ ಸಾಲು, ಎರಡು ಮನೆಯಲ್ಲಿ ಎರಡು ಅರ್ಥ.

ಇದಕ್ಕೆ ಅಮೆರಿಕವನ್ನು ಬೈಯುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ. ಅವರ ಸಂಸತ್ತು ತನ್ನ ಕೆಲಸ ಮಾಡಿತು. ನಮ್ಮ ಸಂಸತ್ತಿಗೆ ಆ ಕೆಲಸ ಮಾಡುವ ಅಧಿಕಾರ ನಾವೇ ಕೊಟ್ಟಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಸಾರ್ವಭೌಮತ್ವಕ್ಕೆ ಬಿದ್ದ ದೊಡ್ಡ ತೂತು ಇದು, ಮತ್ತು ಇದನ್ನು ಹೊರಗಿನವರು ಕೊರೆದದ್ದಲ್ಲ.

ಹಂತ 6: ದುಡ್ಡು, ಮಾಲೀಕತ್ವ, ಅನಾಹುತದ ಹೊಣೆ

ಮೂರೂ ಪ್ರಶ್ನೆ ಒಟ್ಟಿಗೆ ಕೇಳಿ. ಸ್ಥಾವರ ಯಾರದು? ಸಾಲ ಯಾರದು? ಅನಾಹುತವಾದರೆ ಕಟ್ಟಿಕೊಡುವವರು ಯಾರು?

ಬಾಂಗ್ಲಾದೇಶದ ರೂಪ್ಪುರ್ ನೋಡಿ. 1,200 ಮೆಗಾವಾಟ್‌ನ ಎರಡು ರಿಯಾಕ್ಟರುಗಳನ್ನು ರಷ್ಯಾ ಕಟ್ಟುತ್ತಿದೆ. ಸುಮಾರು 1,265 ಕೋಟಿ ಡಾಲರ್ ವೆಚ್ಚದಲ್ಲಿ 1,138 ಕೋಟಿ ಡಾಲರ್ ರಷ್ಯಾದ್ದೇ ಸಾಲ. ಟರ್ಕಿಯ ಅಕ್ಕುಯುನಲ್ಲಿ 2010ರ ಒಪ್ಪಂದದಂತೆ ರಷ್ಯಾದ ಕಂಪನಿಯೇ ಕಟ್ಟಿ, ತಾನೇ ಮಾಲೀಕನಾಗಿ, ತಾನೇ ನಡೆಸುತ್ತದೆ. ಟರ್ಕಿ ಕರೆಂಟು ಕೊಳ್ಳುತ್ತದೆ. 2009ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಅಮೆರಿಕದ ಜೊತೆ ಮಾಡಿಕೊಂಡ 123 ಒಪ್ಪಂದದಲ್ಲಿ ಪುಷ್ಟೀಕರಣ, ಮರುಸಂಸ್ಕರಣೆ ಎರಡನ್ನೂ ತನ್ನ ನೆಲದಲ್ಲಿ ಮಾಡುವುದಿಲ್ಲ ಅಂತ ಬರೆದುಕೊಟ್ಟಿತು. ಈ ಮೂರನ್ನೂ ನಿಮ್ಮ ಅಂಕಣಕ್ಕೆ ಹಾಕಿ ನೋಡಿ. ‘ಒಲ್ಲೆ’ಯ ಬೆಲೆ ಒಂದೊಂದರಲ್ಲಿ ಒಂದೊಂದು ಕಡೆ ಕೂತಿದೆ: ಒಂದರಲ್ಲಿ ಸಾಲದಲ್ಲಿ, ಇನ್ನೊಂದರಲ್ಲಿ ಮಾಲೀಕತ್ವದಲ್ಲಿ, ಮತ್ತೊಂದರಲ್ಲಿ ತಂತ್ರಜ್ಞಾನದಲ್ಲಿ. ಭಾರತಕ್ಕೆ ಸ್ವಂತ ರಿಯಾಕ್ಟರ್ ಕಟ್ಟುವ ಕಸುಬು ಗೊತ್ತಿತ್ತು. ಅದಕ್ಕೇ ಅದು ಮೇಜಿನ ಮುಂದೆ ಸ್ವಲ್ಪ ನೆಟ್ಟಗೆ ಕೂರಲು ಆಯಿತು.

ಹೊಣೆಯ ಪ್ರಶ್ನೆಗೆ ನಮ್ಮಲ್ಲಿ ಭೋಪಾಲದ ನೆನಪಿದೆ. 1984ರ ದುರಂತಕ್ಕೆ 1989ರಲ್ಲಿ ಬಂದದ್ದು 47 ಕೋಟಿ ಡಾಲರ್. ಆ ನೋವಿನಿಂದಲೇ 2010ರ ಕಾನೂನಿಗೆ 17ನೇ ಕಲಂನ ‘ಬಿ’ ಭಾಗ ಸೇರಿತು. ಯಂತ್ರ ಕೊಟ್ಟ ಕಂಪನಿಯ ದೋಷದಿಂದ ಅನಾಹುತವಾದರೆ ಅವರಿಂದ ಹಣ ವಸೂಲಿ ಮಾಡಬಹುದು ಅಂತ. ಸ್ಥಾವರ ನಡೆಸುವವರ ಹೊಣೆಗೆ 1,500 ಕೋಟಿ ರೂಪಾಯಿ ಮಿತಿ ಇತ್ತು. ವಿದೇಶಿ ಕಂಪನಿಗಳು ವರ್ಷಾನುಗಟ್ಟಲೆ ಈ ಕಲಂ ತೋರಿಸಿ ಹಿಂದೇಟು ಹಾಕಿದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ‘ಶಾಂತಿ’ ಅನ್ನುವ ಹೊಸ ಕಾನೂನು ಮಾಡಿತು. 1962ರ ಅಣುಶಕ್ತಿ ಕಾನೂನು ಮತ್ತು 2010ರ ಕಾನೂನು ಎರಡರ ಜಾಗಕ್ಕೂ ಇದು ಬಂತು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಆ ‘ಬಿ’ ಭಾಗ ಹೋಯಿತು. ಕರಾರಿನಲ್ಲೇ ಬರೆದುಕೊಂಡಿದ್ದರೆ ಅಥವಾ ಬೇಕೆಂದೇ ಹಾನಿ ಮಾಡಿದ್ದರೆ ಮಾತ್ರ ವಸೂಲಿ.

ಎಚ್ಚರಿಕೆ: ಹಳೆಯ ಗೈಡ್ ಪುಸ್ತಕಗಳಲ್ಲಿ ಇನ್ನೂ 17 ಬಿ ಜಾರಿಯಲ್ಲಿದೆ ಅಂತ ಇರುತ್ತದೆ. ಮುದ್ರಣದ ವರ್ಷ ನೋಡಿ. ಮತ್ತೆ ಗಮನಿಸಿ, ಈ ಬದಲಾವಣೆ 123 ಒಪ್ಪಂದದ ಒಂದು ಅಕ್ಷರವನ್ನೂ ಮುಟ್ಟಿಲ್ಲ. ಆದರೂ ‘ಒಲ್ಲೆ’ಯ ಲೆಕ್ಕ ಬದಲಾಯಿತು. ಭೋಪಾಲದ ಜನರ ಹೆಸರಿನಲ್ಲಿ ಪಡೆದ ಒಂದು ಹಿಡಿತವನ್ನು ನಾವೇ ಸಡಿಲಿಸಿದೆವು ಅನ್ನುವುದು ನನ್ನ ನೋವು.

ಹಂತ 7: ಕಾಗದ ಮುಚ್ಚಿ, ಆದದ್ದೇನು ನೋಡಿ

ಇದು ಚಿಕ್ಕ ಹಂತ. ಸಹಿಯಾಗಿ ಇಷ್ಟು ವರ್ಷವಾದರೂ ಅಮೆರಿಕದ ಒಂದು ರಿಯಾಕ್ಟರ್ ಕೂಡ ಈ ಒಪ್ಪಂದದಡಿ ಭಾರತದಲ್ಲಿ ಎದ್ದಿಲ್ಲ. ಆಂಧ್ರದ ಕೊವ್ವಾಡದಲ್ಲಿ ಆರು ಕಟ್ಟುವ ಮಾತಿದೆ. ಕಟ್ಟಬೇಕಿದ್ದ ವೆಸ್ಟಿಂಗ್‌ಹೌಸ್ 2017ರಲ್ಲಿ ದಿವಾಳಿ ಅರ್ಜಿ ಹಾಕಿ ಆಮೇಲೆ ಬೇರೆಯವರ ಕೈಗೆ ಹೋಯಿತು. ಯುರೇನಿಯಂ ಮಾತ್ರ ಬಂತು: ಕಜಕಿಸ್ತಾನ, ರಷ್ಯಾ, ಕೆನಡಾ, ಉಜ್ಬೇಕಿಸ್ತಾನಗಳಿಂದ. 2011ರಲ್ಲಿ ಎನ್‌ಎಸ್‌ಜಿ ತನ್ನ ನಿಯಮ ಬಿಗಿ ಮಾಡಿ, ಪುಷ್ಟೀಕರಣ ಮತ್ತು ಮರುಸಂಸ್ಕರಣೆಯ ತಂತ್ರಜ್ಞಾನಕ್ಕೆ ಎನ್‌ಪಿಟಿ ಸದಸ್ಯತ್ವದ ಷರತ್ತು ಹಾಕಿತು.

ಮೂರು ಅಂಕಣ ತುಂಬಿದ ಮೇಲೆ ನನಗೆ ಕಂಡದ್ದು ಹೇಳುತ್ತೇನೆ, ನಿಮಗೆ ಬೇರೆ ಕಾಣಬಹುದು. ಇಂಧನದ ವಿಷಯದಲ್ಲಿ ‘ಒಲ್ಲೆ’ಯ ಬೆಲೆ ಕಡಿಮೆಯಾಯಿತು, ಯಾಕೆಂದರೆ ಈಗ ನಾಲ್ಕಾರು ಅಂಗಡಿಗಳಿವೆ. ಅಣುಪರೀಕ್ಷೆಯ ವಿಷಯದಲ್ಲಿ ಬೆಲೆ ಏರಿತು, ಯಾಕೆಂದರೆ ಕಳೆದುಕೊಳ್ಳಲು ಈಗ ಜಾಸ್ತಿ ಇದೆ. ‘ಮಾರಿಬಿಟ್ಟರು’ ಅನ್ನುವುದೂ ಸರಿಯಲ್ಲ, ‘ಏನೂ ಬದಲಾಗಿಲ್ಲ’ ಅನ್ನುವುದೂ ಸರಿಯಲ್ಲ.

ಹಂತ 8: ಈಗ ಗೋಗಿಗೆ ಬನ್ನಿ

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿ. ಚಂದಾ ಹುಸೇನಿ ದರ್ಗಾ ಮತ್ತು ವಿಜಯಪುರದ ಮೊದಲ ಆದಿಲ್‌ಶಾಹಿ ದೊರೆಗಳ ಗೋರಿಗಳಿಂದ ಹೆಸರಾದ ಊರು. ಅದರ ನೆಲದಡಿ, ಭೀಮಾ ಕೊಳ್ಳದ ಸುಣ್ಣಕಲ್ಲು ಮತ್ತು ಗ್ರಾನೈಟ್ ಪದರಗಳಲ್ಲಿ, ಯುರೇನಿಯಂ ಇದೆ ಅಂತ ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಪತ್ತೆ ಮಾಡಿದೆ. ಸುರಂಗ ತೋಡಿ ಅದಿರಿನ ಪರೀಕ್ಷೆಯೂ ಆಗಿದೆ. ಊರಿನವರ ವಿರೋಧವೂ ಇದೆ.

ಜನ ಅಂದುಕೊಂಡಿರುವುದು: ‘ಅಮೆರಿಕ ಒಪ್ಪಂದ ಮಾಡಿಕೊಂಡು ನಮ್ಮ ಯುರೇನಿಯಂ ಒಯ್ಯುತ್ತದೆ.’ ಇದು ತಪ್ಪು. ಒಪ್ಪಂದ ಇರುವುದು ಯುರೇನಿಯಂ ಒಳಗೆ ಬರಲು. ನಿಜವಾದ ನಂಟು ಬೇರೆ. ಹೊರಗಿನಿಂದ ಬಂದ ಇಂಧನವನ್ನು ತಪಾಸಣೆಗೆ ಒಪ್ಪಿಸಿದ ರಿಯಾಕ್ಟರುಗಳಲ್ಲಿ ಮಾತ್ರ ಬಳಸಬೇಕು. ತಪಾಸಣೆಯ ಹೊರಗಿರುವ ರಿಯಾಕ್ಟರುಗಳು ದೇಶದ ಒಳಗಿನ ಯುರೇನಿಯಂ ಮೇಲೇ ನಡೆಯಬೇಕು. ಹಂತ 3ರಲ್ಲಿ ಗುರುತು ಹಾಕಿದ ಕೈಗಾ ನೆನಪಿದೆಯಾ? ಅದರ ಮೊದಲ ಘಟಕ 2018ರ ಕೊನೆಯವರೆಗೆ 962 ದಿನ ಒಂದೇ ಸಮ ಓಡಿ ಆಗಿನ ವಿಶ್ವದಾಖಲೆ ಮಾಡಿತು, ಅದೂ ದೇಶದ್ದೇ ಇಂಧನದಿಂದ. ಆ ಇಂಧನ ಜಾರ್ಖಂಡದ ಜಾದುಗುಡ, ಆಂಧ್ರದ ತುಮ್ಮಲಪಲ್ಲೆಯಂಥ ಗಣಿಗಳಿಂದ ಬರುತ್ತದೆ. ಗೋಗಿಯೂ ಆ ಸಾಲಿಗೆ ಸೇರಬೇಕು ಅನ್ನುವುದು ಯೋಜನೆ. ಅಂದರೆ ದಿಲ್ಲಿ ವಾಷಿಂಗ್ಟನ್‌ಗೆ ‘ಒಲ್ಲೆ’ ಅನ್ನುವ ಶಕ್ತಿ ಉಳಿಸಿಕೊಳ್ಳಲು ಗೋಗಿಯ ನೆಲ ಬೇಕು. ಹಾಗಾದರೆ ಗೋಗಿಯವರಿಗೆ ‘ಒಲ್ಲೆ’ ಅನ್ನುವ ಶಕ್ತಿ ಎಷ್ಟಿದೆ? ನಿಮ್ಮ ನೋಟ್‌ಬುಕ್ಕಿನ ಇನ್ನೊಂದು ಪುಟ ತೆಗೆದು ಅದೇ ಮೂರು ಅಂಕಣ ಹಾಕಿ.

ಮೂರನೇ ಅಂಕಣಕ್ಕೆ ಇದು ಬೇಕು. ಅಣುಶಕ್ತಿ ಮತ್ತು ಅದರ ಖನಿಜಗಳು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ, ಭೂಮಿ ಮತ್ತು ನೀರು ರಾಜ್ಯದ ಕೈಯಲ್ಲಿವೆ. 2006ರ ಪರಿಸರ ಅಧಿಸೂಚನೆ ಪ್ರಕಾರ ಇಂಥ ಗಣಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ಆಗಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜದ ಗಣಿಗಳಿಗೆ ಆ ಸಭೆಯಿಂದ ವಿನಾಯಿತಿ ಕೊಟ್ಟಿತು. ಗಣಿ ಬೇಕೋ ಬೇಡವೋ ಅನ್ನುವುದರಲ್ಲಿ ನಿಮ್ಮ ನಿಲುವು ಏನೇ ಇರಲಿ, ಊರಿನವರನ್ನು ಕೇಳುವ ಸಭೆಯನ್ನೇ ತೆಗೆದದ್ದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಂತ ಕೈ ಕಟ್ಟಿ ಕೂರಬೇಕಿಲ್ಲ. ಗೋಗಿ ಸುತ್ತಲಿನ ಊರಿನವರಾಗಿದ್ದರೆ ಮೂರು ಕೆಲಸ ಮಾಡಿ. ಗ್ರಾಮಸಭೆಯಲ್ಲಿ ನೀರು, ಭೂಮಿ, ತ್ಯಾಜ್ಯದ ಬಗ್ಗೆ ಪ್ರಶ್ನೆಗಳನ್ನು ಠರಾವು ಮಾಡಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅದಿರು ಅರೆದು ಯುರೇನಿಯಂ ತೆಗೆದ ಮೇಲೆ ಉಳಿಯುವ ಕೆಸರನ್ನು ಎಲ್ಲಿ ಹಾಕುತ್ತಾರೆ ಅನ್ನುವ ಪ್ರಶ್ನೆ ಮೊದಲು ಇರಲಿ, ಯಾಕೆಂದರೆ ಗಣಿ ಮುಚ್ಚಿದ ಮೇಲೂ ಅದು ಅಲ್ಲೇ ಇರುತ್ತದೆ. ಎರಡನೆಯದು, 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ದೇಶದ ಭದ್ರತೆಯ ಕಾರಣ ಹೇಳಿ 8ನೇ ಕಲಂ ಅಡಿ ತಿರಸ್ಕರಿಸಬಹುದು. ಅದಕ್ಕೆ ಅದಿರಿನ ಪ್ರಮಾಣ ಕೇಳುವ ಬದಲು ನೀರಿನ ಬಳಕೆ, ಭೂಸ್ವಾಧೀನ, ಅರಣ್ಯ ಮತ್ತು ಪರಿಸರ ಅನುಮತಿಯ ಪ್ರತಿ ಕೇಳಿ. ಇವುಗಳನ್ನು ಭದ್ರತೆ ಅಂತ ತಡೆಯುವುದು ಕಷ್ಟ.

ಮೂರನೆಯದನ್ನು ಗಣಿ ಶುರುವಾಗುವ ಮುಂಚೆಯೇ ಮಾಡಬೇಕು. ನಿಮ್ಮ ಬಾವಿ, ಬೋರ್‌ವೆಲ್ ನೀರನ್ನು ಯುರೇನಿಯಂ ಅಂಶಕ್ಕಾಗಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 30 ಮೈಕ್ರೊಗ್ರಾಂ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಮಾಡಿಸಿ. ಯಾವ ಬಾವಿ, ಯಾವ ತಾರೀಖು, ಎಷ್ಟು ಅಡಿ ಆಳ ಅಂತ ವರದಿಯ ಮೇಲೆ ಬರೆಸಿ, ಪಂಚಾಯಿತಿಯಲ್ಲಿ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಹತ್ತು ವರ್ಷ ಬಿಟ್ಟು ‘ನಿಮ್ಮ ನೀರು ಮೊದಲಿನಿಂದಲೂ ಹೀಗೇ ಇತ್ತು’ ಅಂತ ಯಾರಾದರೂ ಹೇಳಿದರೆ ತೋರಿಸಲು ಈ ಒಂದು ಕಾಗದ ನಿಮ್ಮ ಕೈಯಲ್ಲಿರಬೇಕು.